ಎಲ್ಲರೂ ತಿನ್ನುವವರಾದರೆ ಲೆಕ್ಕ ಕೊಡುವವರು ಯಾರು?

"ಎಲ್ರೂ ತಿನ್ನೋರೇ ಮಾರಾಯ್ರೆ. ಯಾರು ಬಂದ್ರೂ ಅಷ್ಟೇ."

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜಾವಳಿಯಿಂದ ಕಳಸದವರೆಗೆ, ಬಾಳೂರಿನಿಂದ ಮೂಡಿಗೆರೆಯವರೆಗೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಕೊಟ್ಟಿಗೆಹಾರದ ನೀರುದೋಸೆ ಹೋಟೆಲಿನಲ್ಲಿ, ಗೊಬ್ಬರದ ಅಂಗಡಿ ಮುಂದೆ, ಸಂಜೆ ಹೊತ್ತು ಕಾಫಿ ಕಣದಲ್ಲಿ, ಮದುವೆ ಮನೆಯ ಚಪ್ಪರದಡಿ ಇದೇ ಮಾತು. ಸಾಹುಕಾರರೂ ಇದನ್ನೇ ಹೇಳುತ್ತಾರೆ, ಅವರ ತೋಟದ ರೈಟರೂ ಇದನ್ನೇ ಹೇಳುತ್ತಾರೆ, ಲೈನ್ ಮನೆಯ ಆಳೂ ಇದನ್ನೇ ಹೇಳುತ್ತಾನೆ. ಮೂವರೂ ಒಪ್ಪುವ ಮಾತು ಊರಿನಲ್ಲಿ ಇದೊಂದೇ ಇದ್ದೀತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಗಾದೆ ಸೇರಿಸಿ ಪಂಚೆ ಕೊಡವಿಕೊಂಡು ಎದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು. ಹಾಗೆ ಹೇಳಿ ಏಳುವವರನ್ನು ಊರು ತಿಳಿದವರು ಎನ್ನುತ್ತದೆ. ಯಾವುದೋ ಒಂದು ಕಾಮಗಾರಿಯ ಬಿಲ್ಲು ಹಿಡಿದು ಪಂಚಾಯಿತಿಗೆ ಹೋದವನನ್ನು 'ಅವನಿಗೆ ಬೇರೆ ಕೆಲಸ ಇಲ್ಲ' ಎನ್ನುತ್ತದೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ತಿನ್ನುವವರಿಗೆ ನಾವು ಕೊಡುತ್ತಿರುವ ಅತಿ ದೊಡ್ಡ ರಕ್ಷಣೆ ಈ ಮಾತೇ ಎಂಬುದು ನನ್ನ ವಾದ.

ಸಿಟ್ಟಿಗೆ ಕಾರಣವಿಲ್ಲ ಎಂದು ಯಾರೂ ಹೇಳಲಾರರು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಆರೋಪದ ಮೇಲೆ ಗದ್ದಲ ನಡೆದಿತ್ತು. ಸ್ಪೀಕರ್ ಪೀಠದ ಮುಂದೆ ಕಾಗದ ಹರಿದು ಎಸೆದ ಪ್ರತಿಪಕ್ಷದ 18 ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತಾದರು. ಅದೇ ಗದ್ದಲದ ನಡುವೆ ಮುಖ್ಯಮಂತ್ರಿಯ ಸಂಬಳವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ನಮ್ಮ ಪಕ್ಕದ ಸಕಲೇಶಪುರದ ಎತ್ತಿನಹೊಳೆ ಯೋಜನೆಯನ್ನೇ ನೋಡಿ. 2012ರಲ್ಲಿ ಅದರ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ ಅದು 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿ. ಸರ್ಕಾರ 24 ಟಿಎಂಸಿ ನೀರು ಸಿಗುತ್ತದೆ ಎಂದಿತು. ಅಲ್ಲಿ ಹತ್ತು ಟಿಎಂಸಿಯೂ ಸಿಗುವುದಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿ ತೋರಿಸಿತು. ಈ ಹನ್ನೊಂದು ವರ್ಷಗಳಲ್ಲಿ ಮೂರೂ ಪಕ್ಷಗಳು ಅಧಿಕಾರ ನಡೆಸಿದವು. ಅಂದಾಜು ಯಾಕೆ ಹೀಗೆ ಏರಿತು ಎಂದು ಒಬ್ಬ ಸಚಿವನಾಗಲಿ, ಒಬ್ಬ ಎಂಜಿನಿಯರ್ ಆಗಲಿ ಜನರ ಮುಂದೆ ನಿಂತು ಉತ್ತರ ಹೇಳಿದ್ದಿಲ್ಲ. ಇನ್ನು ನಲವತ್ತು ಪರ್ಸೆಂಟ್ ಕಮಿಷನ್ ಆರೋಪ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಬರೆದ ಪತ್ರದಿಂದ ಹುಟ್ಟಿದ ಆ ಸಂಖ್ಯೆಯ ಮೇಲೆಯೇ 2023ರ ಚುನಾವಣೆಯ ಅರ್ಧ ಪ್ರಚಾರ ನಡೆಯಿತು. ಸರ್ಕಾರ ಬದಲಾಯಿತು. ಆದರೆ ಕಮಿಷನ್ ನಿಂತಿತು ಎಂದು ಎದೆ ಮುಟ್ಟಿಕೊಂಡು ಹೇಳುವ ಗುತ್ತಿಗೆದಾರ ನನಗೆ ಸಿಕ್ಕಿಲ್ಲ.

ಇಷ್ಟನ್ನೂ ಒಪ್ಪಿದ ಮೇಲೆ 'ಎಲ್ಲರೂ ಕಳ್ಳರು' ಎನ್ನಲು ಏನು ಅಡ್ಡಿ ಎಂದು ಕೇಳಬಹುದು. ಅಡ್ಡಿ ಇದೆ. ಆ ಪತ್ರವನ್ನೇ ತೆಗೆದುಕೊಳ್ಳಿ. ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣ ತಮ್ಮ ಹೆಸರು ಹಾಕಿ, ಸಹಿ ಮಾಡಿ, ಶೇಕಡಾವಾರು ಬರೆದು ಕಳಿಸಿದರು. ಅದಕ್ಕೇ ಅದು ಸರ್ಕಾರವನ್ನು ಅಲುಗಾಡಿಸಿತು. 2022ರ ಡಿಸೆಂಬರಿನಲ್ಲಿ ಮಾನನಷ್ಟ ಪ್ರಕರಣವೊಂದರಲ್ಲಿ ಅವರ ಬಂಧನವೂ ಆಯಿತು. ಮುಂದೆ ಆ ಆರೋಪದ ತನಿಖೆಗೆ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಕೂತು, ಕಾಮಗಾರಿಗಳ ಕಡತ ಬಿಡಿಸಿ, 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಆ ವರದಿ ಏನಾಯಿತು ಎಂದು ಕೇಳಲು ನಮಗೆ ಈಗ ಒಂದು ಆಧಾರವಾದರೂ ಇದೆ. ಎಲ್ಲರೂ ತಿನ್ನುತ್ತಾರೆ ಎಂದು ಹೋಟೆಲಿನಲ್ಲಿ ಹೇಳಿದವರ ಮೇಲೆ ಇದುವರೆಗೆ ಒಂದು ಕೇಸೂ ಬಿದ್ದಿಲ್ಲ. ಆ ಮಾತು ಯಾರನ್ನೂ ಮುಟ್ಟುವುದಿಲ್ಲವಲ್ಲ! ಎಲ್ಲರ ಮೇಲೆ ಹೊರಿಸಿದ ಆರೋಪದಲ್ಲಿ ಒಬ್ಬೊಬ್ಬರ ಪಾಲಿಗೆ ಏನೂ ಉಳಿಯುವುದಿಲ್ಲ. ನಿಜವಾಗಿ ತಿಂದವನೂ ಆ ಮಾತು ಕೇಳಿ ನಿಮ್ಮ ಜೊತೆಗೇ ತಲೆ ಆಡಿಸುತ್ತಾನೆ, 'ಹೌದು ಬಿಡಿ, ಕಾಲ ಕೆಟ್ಟೋಗಿದೆ' ಎನ್ನುತ್ತಾನೆ. ತಿನ್ನದ ಒಬ್ಬ ಎಂಜಿನಿಯರ್, ತಿನ್ನದ ಒಬ್ಬ ಪಿಡಿಒ ಇದ್ದರೆ ಅವರಿಗೆ ಮಾತ್ರ ನೋವಾಗುತ್ತದೆ. ಪ್ರಾಮಾಣಿಕರಾಗಿದ್ದು ಬಂದ ಲಾಭವೇನು ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಮಾತು ಗಾಳಿಯಲ್ಲಿ ಹೋಗುವುದು ಬೇಡ, ಒಂದು ರಸ್ತೆಯನ್ನೇ ನೋಡೋಣ. ನಮ್ಮ ಕಡೆಯ ಯಾವುದೇ ಒಳರಸ್ತೆಯಾದೀತು. ತಿರುವಿನಲ್ಲಿ ಒಂದು ಸಿಮೆಂಟಿನ ಫಲಕ ಇರುತ್ತದೆ, ಅರ್ಧಕ್ಕೆ ಲಂಟಾನ ಬೆಳೆದಿರುತ್ತದೆ. ಕೈಯಲ್ಲಿ ಸರಿಸಿದರೆ ಓದಬಹುದು: ಯೋಜನೆಯ ಹೆಸರು, ರಸ್ತೆಯ ಉದ್ದ, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕೆಲಸ ಶುರುವಾದ ದಿನ, ಮುಗಿದ ದಿನ, ನಿರ್ವಹಣಾ ಅವಧಿ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಐದು ವರ್ಷ ಅದನ್ನು ಗುತ್ತಿಗೆದಾರನೇ ನೋಡಿಕೊಳ್ಳಬೇಕು. ಫಲಕ ದಾಟಿ ಹತ್ತು ಮಾರು ನಡೆದರೆ ಟಾರು ಹಪ್ಪಳದ ಹಾಗೆ ಎದ್ದಿದೆ, ಅಡಿಯ ಜಲ್ಲಿ ಚರಂಡಿಗೆ ಹರಿದಿದೆ. ಅಥವಾ ಅಲ್ಲಿ ಚರಂಡಿಯೇ ಇಲ್ಲ. ಮಲೆನಾಡಿನ ರಸ್ತೆ ಹಾಳಾಗುವುದರ ಗುಟ್ಟು ಹೆಚ್ಚಿನ ಕಡೆ ಈ ಚರಂಡಿಯಲ್ಲೇ ಇರುತ್ತದೆ. ಮೇಲಿನ ತೋಟದಿಂದ ಇಳಿಯುವ ನೀರಿಗೆ ಪಕ್ಕದಲ್ಲಿ ದಾರಿ ಬಿಡದೆ, ಮೋರಿ ಇಡಬೇಕಾದಲ್ಲಿ ಇಡದೆ, ಜೂನ್ ಮಳೆ ಹಿಡಿಯುವ ಮೊದಲು ಬಿಲ್ಲು ಮಾಡಿಕೊಳ್ಳುವ ಅವಸರದಲ್ಲಿ ಮೇಲೊಂದು ಪದರ ಟಾರು ಎಳೆದು ಹೋದರೆ ಮೊದಲ ಆಶ್ಲೇಷ ಮಳೆಗೇ ರಸ್ತೆ ಹಳ್ಳವಾಗುತ್ತದೆ.

ಆದರೆ ಅಂದಾಜು ಪಟ್ಟಿಯಲ್ಲಿ ಆ ಚರಂಡಿ ಇರುತ್ತದೆ, ಮೋರಿಯೂ ಇರುತ್ತದೆ. ಕೆಲಸ ಮುಗಿದ ಮೇಲೆ ಕಿರಿಯ ಎಂಜಿನಿಯರ್ ಅಳತೆ ಪುಸ್ತಕದಲ್ಲಿ, ಗುತ್ತಿಗೆದಾರರು ಎಂ.ಬಿ. ಎನ್ನುವ ಆ ಪುಸ್ತಕದಲ್ಲಿ, ಉದ್ದ ಇಷ್ಟು, ಅಗಲ ಇಷ್ಟು, ದಪ್ಪ ಇಷ್ಟು ಎಂದು ತನ್ನ ಕೈಯಾರೆ ಬರೆದು ಸಹಿ ಹಾಕುತ್ತಾನೆ. ಮೇಲಿನವರು ಪರಿಶೀಲಿಸಿ ಸಹಿ ಹಾಕುತ್ತಾರೆ. ಆ ಸಹಿಗಳಿಲ್ಲದೆ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ. ಅಂದರೆ ಇಲ್ಲದ ಚರಂಡಿಗೆ ದುಡ್ಡು ಹೋಗಿದ್ದರೆ, ಅದನ್ನು ಅಳೆದೆ ಎಂದು ಬರೆದ ಮನುಷ್ಯನಿಗೆ ಒಂದು ಹೆಸರಿದೆ, ಬರೆದ ತಾರೀಖಿದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಆ ಪುಟದ ನಕಲು ಕೊಡಬೇಕು. ಬಿಪಿಎಲ್ ಕಾರ್ಡಿದ್ದವರಿಗೆ ಹತ್ತು ರೂಪಾಯಿಯೂ ಬೇಡ. ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ ಎಂದು ನಮ್ಮ ರಾಜ್ಯದ ನಿಯಮ ಹೇಳುತ್ತದೆ. ಒಂದು ಚರಂಡಿಯ ಬಗ್ಗೆ ಕೇಳಲು ಅಷ್ಟು ಸಾಕು. ಕಡತ ನೋಡುವುದಷ್ಟೇ ಅಲ್ಲ, ಕೆಲಸ ನಡೆದ ಜಾಗವನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಅದೇ ಕಾಯ್ದೆಯ ಎರಡನೇ ಕಲಂ ಕೊಟ್ಟಿದೆ. 2005ರಿಂದ ಈ ಕಾನೂನು ನಮ್ಮ ಕೈಯಲ್ಲಿದೆ. ಅದನ್ನು ಬಳಸಿದವರನ್ನು ಬ್ಲ್ಯಾಕ್‌ಮೇಲ್ ಮಾಡುವವರು ಎಂದು ಕರೆಯುವುದನ್ನು ಮಾತ್ರ ಬೇಗ ಕಲಿತೆವು. ಹಾಗೆ ಹಣ ಕೀಳುವವರು ಇದ್ದಾರೆ, ನಿಜ. ಊರಿನ ಹತ್ತು ಜನ ಒಟ್ಟಿಗೆ ಸಹಿ ಹಾಕಿ, ಸಿಕ್ಕ ನಕಲನ್ನು ಪಂಚಾಯಿತಿ ಬಾಗಿಲಿಗೆ ಅಂಟಿಸಿದರೆ ಅಂಥವರ ದಂಧೆಯೂ ನಿಲ್ಲುತ್ತದೆ.

ನಮ್ಮ ಸಿಟ್ಟಿಗೆ ಇನ್ನೊಂದು ರೂಪವೂ ಇದೆ. 2022ರ ನವೆಂಬರಿನಲ್ಲಿ ಹುಲ್ಲೇಮನೆ ಕುಂದೂರಿನಲ್ಲಿ ಕಾಡಾನೆ ಒಬ್ಬ ಹೆಣ್ಣುಮಗಳನ್ನು ಕೊಂದಾಗ ಸ್ಥಳಕ್ಕೆ ಬಂದ ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿಯವರನ್ನು ಜನ ಅಟ್ಟಿಸಿಕೊಂಡು ಹೋದರು, ಅಂಗಿ ಹರಿಯಿತು. ಆ ಚಿತ್ರ ರಾಜ್ಯವೆಲ್ಲ ನೋಡಿತು. ಶಾಸಕರ ಮೇಲೆ ಕೈ ಮಾಡಿದ್ದು ತಪ್ಪು, ಆದರೆ ಸಾವಿನ ಮನೆಯ ಸಂಕಟ ಸುಳ್ಳಲ್ಲ. ನನ್ನ ಪ್ರಶ್ನೆ ಆಮೇಲಿನ ದಿನಗಳದು. ಆನೆ ಕಾರ್ಯಪಡೆ ಎಂಬುದನ್ನು ಸರ್ಕಾರ ಅದೇ ಹೊತ್ತಿಗೆ ರಚಿಸಿತ್ತು. ಅದಕ್ಕೆ ಎಷ್ಟು ಜನ, ಎಷ್ಟು ಜೀಪು, ರಾತ್ರಿ ಆನೆ ಹಿಂದೆ ಓಡುವ ಹೊರಗುತ್ತಿಗೆ ಹುಡುಗರಿಗೆ ತಿಂಗಳ ಸಂಬಳ ಸರಿಯಾಗಿ ಆಗುತ್ತಿದೆಯೇ, ಸೋಲಾರ್ ಬೇಲಿಗೆ ಬಂದ ಹಣದಲ್ಲಿ ಎಷ್ಟು ಕಿಲೋಮೀಟರ್ ಬೇಲಿಗೆ ಇಂದು ಕರೆಂಟಿದೆ? ಅಂಗಿ ಹರಿದ ದಿನ ಸೇರಿದ್ದ ಅಷ್ಟು ಜನರಲ್ಲಿ ಈ ಲೆಕ್ಕ ಕೇಳಲು ಎಷ್ಟು ಜನ ಅರಣ್ಯ ಇಲಾಖೆಯ ಕಚೇರಿಗೆ ಹೋದರು? ಮುಂದಿನ ಚುನಾವಣೆಯಲ್ಲಿ ಆ ಶಾಸಕರಿಗೆ ಅವರ ಪಕ್ಷ ಟಿಕೆಟ್ ಕೊಡಲಿಲ್ಲ, ಬೇರೆ ಪಕ್ಷದಿಂದ ನಿಂತು ಸೋತರು. ಒಬ್ಬ ಮನುಷ್ಯನಿಗೆ ಶಿಕ್ಷೆಯಾಯಿತು ಎಂದು ನಾವು ಸಮಾಧಾನಪಟ್ಟೆವು. ಆನೆ ಇನ್ನೂ ತೋಟದಲ್ಲೇ ಇದೆ.

2019ರ ಆಗಸ್ಟ್‌ನ ಮಳೆಗೆ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಕೊಚ್ಚಿಹೋದಾಗಲೂ ಇದೇ ಆಯಿತು. ಪೂರ್ತಿ ಮನೆ ಕಳೆದುಕೊಂಡವರಿಗೆ ಐದು ಲಕ್ಷ ಎಂದು ಸರ್ಕಾರ ಘೋಷಿಸಿತು. ಮಂತ್ರಿಗಳು ಬಂದರು, ನಾವೆಲ್ಲ ಅಕ್ಕಿ ಬಟ್ಟೆ ಹೊತ್ತು ಹೋದೆವು. ಆಮೇಲೆ ಬದಲಿ ಜಾಗಕ್ಕಾಗಿ ಆ ಕುಟುಂಬಗಳು ವರ್ಷಗಟ್ಟಲೆ ತಾಲ್ಲೂಕು ಕಚೇರಿ ಅಲೆದಾಗ ಅವರ ಜೊತೆ ನಡೆದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರು 'ಸರ್ಕಾರದ್ದು ಗೊತ್ತಿದ್ದದ್ದೇ ಅಲ್ವಾ' ಎಂದರು. ಈ ಉತ್ತರ ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗೊತ್ತಿದ್ದರೆ ಏನು ಮಾಡಿದಿರಿ?

ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆ, ಸರ್ಕಾರ ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು. ಕಾಫಿ ಸೀಮೆಯಲ್ಲಿ ಕೂತು ಇದನ್ನು ಹೇಳುವುದು ಶುದ್ಧ ಸುಳ್ಳು. 1990ರ ದಶಕದವರೆಗೆ ನಾವು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ ಸುರಿಯಬೇಕಿತ್ತು. ಬೆಳೆಗಾರರು ಸಂಘ ಕಟ್ಟಿ, ದೆಹಲಿಗೆ ಅಲೆದು, ಸಂಸದರ ಬೆನ್ನು ಹತ್ತಿ 1992ರಿಂದ ಹಂತಹಂತವಾಗಿ ಮಾರುವ ಹಕ್ಕು ಪಡೆದರು. 1996ಕ್ಕೆ ಪೂರ್ತಿ ಮುಕ್ತ ಮಾರಾಟ ಬಂತು. ಬೆಲೆ ಕುಸಿದು ಸಾಲ ಏರಿದಾಗ 2010ರಲ್ಲಿ ಕೇಂದ್ರದಿಂದ ಸಾಲ ಪರಿಹಾರದ ಪ್ಯಾಕೇಜ್ ಬಂತು. ಇವು ನ್ಯಾಯವಾದ ಬೇಡಿಕೆಗಳು, ಸಣ್ಣ ಬೆಳೆಗಾರ ಇವುಗಳಿಂದ ಉಸಿರಾಡಿದ. ಆಮೇಲೆ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಚಿಕ್ಕಮಗಳೂರು, ಹಾಸನ, ಕೊಡಗಿನಲ್ಲಿ 2005ಕ್ಕೂ ಮೊದಲು ಸರ್ಕಾರಿ ಜಾಗ ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ಕಾನೂನು ಅದು. ಒಂದು ಪಕ್ಷದ ಸರ್ಕಾರ ಅದನ್ನು ತಂದಿತು, ಇನ್ನೊಂದು ಪಕ್ಷದ ಸರ್ಕಾರ ಮುಂದುವರಿಸಿತು. ಅದೇ ಸರ್ಕಾರಿ ಜಾಗದ ಮೂಲೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡ ಕೂಲಿಯವನು ಮನೆ ಸಕ್ರಮಕ್ಕೆ 94ಸಿ ಅರ್ಜಿ ಹಿಡಿದು ನಾಡಕಚೇರಿ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ತಲೆಮಾರುಗಳಿಂದ ಲೈನ್ ಮನೆಯಲ್ಲೇ ಬದುಕಿದ ಕುಟುಂಬಕ್ಕೆ ಸತ್ತವರನ್ನು ಹೂಳಲೂ ಸ್ವಂತ ಜಾಗವಿಲ್ಲ.

ಸರ್ಕಾರಕ್ಕೆ ಕಿವಿ ಇದೆ. ಸಂಘ ಕಟ್ಟಿದವರ, ಮನವಿ ಬರೆದವರ, ಬೆಂಗಳೂರಿಗೆ ಹೋಗಿ ಸಚಿವರ ಕೊಠಡಿಯ ಹೊರಗೆ ದಿನಗಟ್ಟಲೆ ಕಾದವರ ಮಾತು ಅದಕ್ಕೆ ಕೇಳಿಸುತ್ತದೆ. ಲಾಬಿ ಎಂದರೆ ಅಂಬಾನಿ ಅದಾನಿಯರದು ಎಂದುಕೊಂಡಿರುವವರು ನಮ್ಮ ಜಿಲ್ಲೆಯ ಈ ಇತಿಹಾಸವನ್ನು ಒಮ್ಮೆ ನೋಡಬೇಕು. ಸಂಘ ಕಟ್ಟಿದ್ದಕ್ಕೆ ಬೆಳೆಗಾರರ ಮೇಲೆ ನನಗೆ ಸಿಟ್ಟಿಲ್ಲ. ಲೈನ್ ಮನೆಯವನಿಗೆ 'ಯಾರು ಬಂದ್ರೂ ಅಷ್ಟೇ, ಕೇಳಿ ಪ್ರಯೋಜನವಿಲ್ಲ' ಎಂದು ಕಲಿಸಿ, ತಾವು ಮಾತ್ರ ಕೇಳಲು ಹೋಗುವವರ ಮೇಲೆ ಸಿಟ್ಟು. ಲೆಕ್ಕ ಕೇಳುವವರು ಹೇಗಿರುತ್ತಾರೆ ಎಂಬುದಕ್ಕೆ ಹೇಮಾವತಿಯನ್ನು ನೋಡಿ. ಅದು ಹುಟ್ಟುವುದು ನಮ್ಮ ಜಾವಳಿಯ ಗುಡ್ಡದಲ್ಲಿ. ಅದೇ ಹೊಳೆಯ ನೀರನ್ನು ಸುಮಾರು ಸಾವಿರ ಕೋಟಿ ಖರ್ಚಿನ ಲಿಂಕ್ ಕೆನಾಲಿನಲ್ಲಿ ಕುಣಿಗಲ್, ಮಾಗಡಿ ಕಡೆಗೆ ತಿರುಗಿಸುತ್ತಾರೆ ಎಂದಾಗ 2025ರ ಮೇ ಕೊನೆಯಲ್ಲಿ ತುಮಕೂರು ಜಿಲ್ಲೆಯ ರೈತರು ಸಾವಿರಗಟ್ಟಲೆ ಬೀದಿಗಿಳಿದರು. ಅವರ ವಾದ ಸರಿಯೋ ತಪ್ಪೋ, ಅದು ಬೇರೆ ಮಾತು. ಆದರೆ ತಮ್ಮ ನಾಲೆಯಲ್ಲಿ ಹರಿಯುವ ನೀರಿನ ಲೆಕ್ಕ ಅವರಿಗೆ ಬಾಯಿಪಾಠವಾಗಿದೆ. ಹೊಳೆ ಹುಟ್ಟುವ ಊರಿನ ನಮಗೆ ನಮ್ಮ ಪಂಚಾಯಿತಿಯ ಕುಡಿಯುವ ನೀರಿನ ಯೋಜನೆಗೆ ಎಷ್ಟು ಖರ್ಚಾಯಿತು ಎಂದು ಕೇಳಿದರೆ ಉತ್ತರ ಗೊತ್ತಿಲ್ಲ.

ಗೊತ್ತಿರುವ ಒಂದೇ ಲೆಕ್ಕ ಬಿಟ್ಟಿ ಭಾಗ್ಯದ್ದು. ಬೊಕ್ಕಸ ಖಾಲಿಯಾಗಿದ್ದು ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ, ಹೆಂಗಸರಿಗೆ ಎರಡು ಸಾವಿರ ಕೊಟ್ಟಿದ್ದರಿಂದಲೇ ಕುಯ್ಲಿಗೆ ಆಳು ಸಿಗುತ್ತಿಲ್ಲ ಎಂಬ ಮಾತು ಕಾಫಿ ಕ್ಲಬ್ಬುಗಳಲ್ಲಿ ದಿನವೂ ನಡೆಯುತ್ತದೆ. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿ. ಐದೂ ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಎಂಟರಲ್ಲಿ ಒಂದು ಪಾಲು. ಅದು ಸಣ್ಣ ಮೊತ್ತವಲ್ಲ, ಅದರ ಬಗ್ಗೆ ಚರ್ಚೆಯಾಗಲಿ. ಆದರೆ ಆ ಎರಡು ಸಾವಿರ ಯಾರ ಹೆಸರಿನ, ಯಾವ ಖಾತೆಗೆ, ಯಾವ ತಾರೀಖು ಹೋಯಿತು ಎಂಬುದಕ್ಕೆ ದಾಖಲೆ ಇದೆ. ಒಂದು ಕಂತು ತಪ್ಪಿದರೆ ಹೆಂಗಸರು ಅಂಗನವಾಡಿ ಮುಂದೆ ನಿಂತು ಕೇಳುತ್ತಾರೆ. ಇಡೀ ಬಜೆಟ್ಟಿನಲ್ಲಿ ಪಡೆಯುವವರೇ ಲೆಕ್ಕ ಇಡುವ ಖರ್ಚು ಬಹುಶಃ ಇದೊಂದೇ. ಉಳಿದ ಏಳು ಪಾಲಿನ ಬಗ್ಗೆ, ಟೆಂಡರಿನ ಬಗ್ಗೆ, ಪಾರದರ್ಶಕ ಕಾಯ್ದೆಯ 4(ಜಿ) ವಿನಾಯಿತಿ ಹಿಡಿದು ಟೆಂಡರೇ ಇಲ್ಲದೆ ಕೊಡುವ ಕಾಮಗಾರಿಗಳ ಬಗ್ಗೆ, ಮೂರು ಪಟ್ಟಿನ ಹತ್ತಿರ ಬೆಳೆದ ಎತ್ತಿನಹೊಳೆಯ ಅಂದಾಜಿನ ಬಗ್ಗೆ ಆ ಕ್ಲಬ್ಬುಗಳಲ್ಲಿ ಇಷ್ಟು ಬಿಸಿ ಚರ್ಚೆ ನಾನು ಕೇಳಿಲ್ಲ. 'ನಮ್ಮ ತೆರಿಗೆ ದುಡ್ಡು' ಎನ್ನುವ ಮೊದಲು, ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದನ್ನೂ, ಲೈನ್ ಮನೆಯ ಹೆಂಗಸು ಸೋಪು ಕೊಂಡಾಗೆಲ್ಲ ಜಿಎಸ್‌ಟಿ ಕಟ್ಟುತ್ತಾಳೆ ಎಂಬುದನ್ನೂ ನೆನಪಿಟ್ಟರೆ ಒಳ್ಳೆಯದು. ತೆರಿಗೆ ಕಟ್ಟುವವಳು ಅವಳೂ ಹೌದು.

ಎಲ್ಲರೂ ಒಂದೇ ಎಂಬ ನಂಬಿಕೆ ಕೊನೆಗೆ ಬಂದು ನಿಲ್ಲುವುದು ಮತದಾನ ಬಹಿಷ್ಕಾರದ ಬ್ಯಾನರಿನಲ್ಲಿ. ಪ್ರತಿ ಚುನಾವಣೆಗೂ ನಮ್ಮ ಕಡೆ ಹತ್ತಾರು ಊರುಗಳ ದಾರಿಯಲ್ಲಿ ಅದು ಕಾಣಿಸುತ್ತದೆ: ರಸ್ತೆ ಇಲ್ಲ, ಸೇತುವೆ ಇಲ್ಲ, ಮತವೂ ಇಲ್ಲ. ಕಟ್ಟಿದವರ ಕಷ್ಟ ನನಗೆ ಗೊತ್ತು. ಹೆರಿಗೆ ನೋವಿನ ಹೆಂಗಸನ್ನು ಜೋಲಿಯಲ್ಲಿ ಹೊತ್ತು ಹಳ್ಳ ದಾಟಿಸಿದ ಊರುಗಳು ಅವು. ಆದರೆ 2023ರಲ್ಲಿ ಮೂಡಿಗೆರೆ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು 722 ಮತಗಳಿಂದ. ಪಕ್ಕದ ಶೃಂಗೇರಿಯಲ್ಲಿ ಅಂದು ಪ್ರಕಟವಾದ ಅಂತರ 201. ಎರಡು ಮೂರು ಬೂತಿನ ಜನ ಒಂದು ಸೇತುವೆಗಾಗಿ ಒಟ್ಟಾಗಿ ನಿಂತು, ಲಿಖಿತ ಭರವಸೆ ಪಡೆದು, ಐದು ವರ್ಷ ಅದರ ಬೆನ್ನು ಹತ್ತಿದರೆ ಯಾವ ಅಭ್ಯರ್ಥಿಗೂ ಅವರನ್ನು ಕಡೆಗಣಿಸಲು ಆಗುವುದಿಲ್ಲ. ಬ್ಯಾನರ್ ಕಟ್ಟಿದ ಊರಿಗೆ ತಹಶೀಲ್ದಾರರು ಬಂದು ಸಮಾಧಾನ ಹೇಳಿ ಹೋಗುತ್ತಾರೆ, ಮರುವಾರ ಎಲ್ಲರೂ ಮರೆಯುತ್ತಾರೆ.

ನಾವೇ ಬಹಿಷ್ಕರಿಸುವ ಮೊದಲು ಸರ್ಕಾರಗಳೇ ನಮ್ಮ ಮತವನ್ನು ಬಹಿಷ್ಕರಿಸಿವೆ, ಅದು ನಮ್ಮ ಗಮನಕ್ಕೇ ಬಂದಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ನೆಪ ಹೇಳುತ್ತ ಬಿಜೆಪಿಯೂ ಕಾಂಗ್ರೆಸ್ಸೂ ಅದನ್ನು ವರ್ಷಗಟ್ಟಲೆ ಮುಂದೂಡಿದವು. ಕಳಸ ಪ್ರತ್ಯೇಕ ತಾಲ್ಲೂಕಾಗಿದ್ದೇ ಆ ಕೊನೆಯ ಚುನಾವಣೆಯ ನಂತರ. ನಾನು ಇದನ್ನು ಬರೆಯುವ ಹೊತ್ತಿಗೂ ಕಳಸ ತಾಲ್ಲೂಕು ಪಂಚಾಯಿತಿ ಒಂದೇ ಒಂದು ಚುನಾವಣೆಯನ್ನೂ ಕಂಡಿಲ್ಲ. ಆ ಮಟ್ಟದ ಹಣವನ್ನೆಲ್ಲ ಅಧಿಕಾರಿಗಳು, ಶಾಸಕರು ಸೇರಿ ಹಂಚುತ್ತಾರೆ. ಪ್ರಶ್ನೆ ಕೇಳಲು ನಾವು ಆರಿಸಿದ ಒಬ್ಬ ಸದಸ್ಯನೂ ಆ ಸಭೆಯಲ್ಲಿಲ್ಲ. ಈ ಒಂದು ಕಾರಣಕ್ಕೆ ಮೂಡಿಗೆರೆಯಲ್ಲಿ ಅಂಗಡಿ ಮುಚ್ಚಿ ಬಂದ್ ಮಾಡಿದ್ದರೆ ನಾನು ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಕೇಳಿದರೆ ಆಗುವುದಿಲ್ಲ ಎನ್ನುವವರು ಕಳಸದ ಆಚೆಗಿನ ಕುದುರೆಮುಖವನ್ನು ನೆನೆಯಲಿ. 1976ರಲ್ಲಿ ಹುಟ್ಟಿದ ಅದಿರು ಕಂಪನಿ ಕೇಂದ್ರ ಸರ್ಕಾರದ್ದು. ಅದರ ಹಿಂದೆ ಸಚಿವಾಲಯವಿತ್ತು, ರಫ್ತಿನ ಹಣವಿತ್ತು, ನೌಕರರ ಸಂಘವೂ ಇತ್ತು. 1999ರಲ್ಲಿ ಗಣಿ ಗುತ್ತಿಗೆಯ ಅವಧಿ ಮುಗಿದ ಮೇಲೂ ತಾತ್ಕಾಲಿಕ ಅನುಮತಿಗಳಲ್ಲಿ ಅದು ನಡೆಯಿತು. ಭದ್ರಾ ನದಿಗೆ ಎಷ್ಟು ಹೂಳು ಸೇರುತ್ತಿದೆ ಎಂದು ಅಳೆದು, ಕಾಡಿನ ದಾಖಲೆ ಕೂಡಿಟ್ಟು, ಹೊಳೆ ದಂಡೆಯ ರೈತರನ್ನೂ ಕಾಡಿನ ಕಾಳಜಿಯವರನ್ನೂ ಒಟ್ಟುಗೂಡಿಸಿ ಜನ ಸುಪ್ರೀಂ ಕೋರ್ಟಿನವರೆಗೆ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದರಿಂದ ಕೆಲಸ ಕಳೆದುಕೊಂಡವರ ನೋವೂ ನಿಜ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳ ಪ್ರಶ್ನೆ ಇನ್ನೂ ಮುಗಿದಿಲ್ಲ. ಆದರೆ ಅಷ್ಟು ದೊಡ್ಡ ಕಂಪನಿಯನ್ನು ನಿಲ್ಲಿಸಿದ್ದು ಹೆಸರು, ತಾರೀಖು, ಅಳತೆ ಇದ್ದ ದಾಖಲೆಗಳು.

ಅಂಥ ದಾಖಲೆ ನೋಡಲು ನಮಗೂ ಒಂದು ದಿನವಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿಗಳ ಕಡತ ಎಲ್ಲ ಅಂದು ಜನರ ಮುಂದೆ ಬರಬೇಕು. ಹೆಚ್ಚಿನ ಊರುಗಳಲ್ಲಿ ಅಧಿಕಾರಿಗಳು, ಸದಸ್ಯರು, ಟೀ ತರುವ ಹುಡುಗ ಬಿಟ್ಟರೆ ಯಾರೂ ಇರುವುದಿಲ್ಲ. ಆ ದಿನ ಕೆಲಸಕ್ಕೆ ರಜೆ ಹಾಕಿ. ಬೆಳೆಗಾರರು ತಮ್ಮ ಆಳುಗಳಿಗೆ ಅಂದಿನ ಸಂಬಳ ಕೊಟ್ಟು ಕಳಿಸಲಿ. ನಿಮ್ಮ ಮನೆ ಮುಂದಿನ ಒಂದೇ ಒಂದು ರಸ್ತೆಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅದರ ಅಂದಾಜು ಪಟ್ಟಿ ಕೇಳಿ, ಎಂ.ಬಿ.ಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಎಲ್ಲರೂ ಎದ್ದು ಎಂಜಿನಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ ಆ ರಸ್ತೆಗೆ ಟೇಪು ಹಿಡಿಯಿರಿ.